ಕೇಳದವರಿಗೂ ಹೇಳುವ ಪಟ್ಟಿ

ಫೆಬ್ರವರಿ ೩

ಗುಬ್ಬಿ,

ಲಕೋಟೆಯ ಮೇಲೆ ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಅಪ್ಪ ಆರಾಮಾಗಿದ್ದಾರೆ, ನಿನ್ನ ಅತ್ತಿಗೆ ಆರಾಮಾಗಿದ್ದಾಳೆ, ನಾನು ಎಂದಿನಂತೆ ಇದ್ದೇನೆ. ಅಂದರೆ ತಲೆಯಲ್ಲಿ ಕೂದಲು ನಾಸ್ತಿ, ಬಾಯಲ್ಲಿ ಪ್ರಾಸ ಜಾಸ್ತಿ. ಇಷ್ಟು ವರ್ಷದ ಮೇಲೆ ಫೋನಾದರೂ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಕೂಗಾಡುತ್ತೇವೆ. ಪತ್ರದಲ್ಲಿ ಬೈದುಕೊಂಡರೆ ಕೈಗೆ ಸಿಗುವಷ್ಟರಲ್ಲಿ ಬೈಗುಳ ತಣ್ಣಗಾಗಿರುತ್ತದೆ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಬಸ್ ಕಂಪನಿಯ ಕಳೆದ ಸಾಮಾನಿನ ಕೋಣೆಯನ್ನು ಮುಚ್ಚುತ್ತಾರಂತೆ. ಡಿಪೋ ನೆಲಮಾಳಿಗೆಯ ಅದೇ ಕೋಣೆ, ಅಪ್ಪ ಇಡೀ ನೌಕರಿ ಕಳೆದ ಕುರ್ಚಿ, ಈಗ ನಾನು ಸವೆಸುತ್ತಿರುವ ಕುರ್ಚಿ. ಹೊಸ ಮ್ಯಾನೇಜರ್ ಕೆಳಗಿಳಿದು ಬಂದವರು ಕಪಾಟುಗಳನ್ನು ಒಂದು ಸುತ್ತು ನೋಡಿ, "ಇದೇನ್ರೀ, ಮ್ಯೂಸಿಯಮ್ಮಾ?" ಅಂದರು. ಜೂನ್ ಮುಗಿಯುವುದರೊಳಗೆ ಜನ ಬಂದು ತಮ್ಮ ಸಾಮಾನು ಒಯ್ಯತೊಡಗಿದರೆ ಸರಿ. ಇಲ್ಲವಾದರೆ ಎಲ್ಲವೂ ಗುಜರಿಗೆ, ಕೋಣೆ ಟೈರ್ ಗೋದಾಮಿಗೆ, ನಾನು ಆ ಟೈರುಗಳ ಕಾವಲಿಗೆ. "ಸಾಮಾನು ಎಷ್ಟೇ ಚೆನ್ನಾಗಿ ಕಾದಿಟ್ರೂ ಕೇಳೋಕೆ ಯಾರೂ ಬರಲ್ವಲ್ರೀ" ಅಂದರು. ಅವರು ಹೇಳಿದ್ದು ನಿಜ.

ಹೋದ ವರ್ಷ ಕಂಪನಿ ಒಂದು ಜಾಲತಾಣ ಮಾಡಿಸಿಕೊಟ್ಟಿತು. ಪ್ರತಿ ಸಾಮಾನಿಗೂ ಒಂದು ಪುಟ. ಎಲ್ಲವನ್ನೂ ನಾನೇ ಕೂತು ಬರೆದಿದ್ದೇನೆ, ಒಂದೊಂದಕ್ಕೂ ಒಂದು ಜೋಡಿಸಾಲು. ಹಲ್ಲಿನ ಸೆಟ್ಟಿನ ಪುಟದಲ್ಲಿ: "ಬಸ್ಸಿನಲಿ ಬಿಟ್ಟರು ಹಲ್ಲಿನ ಸೆಟ್ಟು, ಮನೆಗೆ ಹೋದರು ನಗುವುದ ಬಿಟ್ಟು." ಚೆನ್ನಾಗಿಲ್ಲವೇ? ಆದರೆ ಓದುವವರಿಲ್ಲ. ಹುಡುಕುಯಂತ್ರದಲ್ಲಿ ಹುಡುಕಿದರೆ ನಮ್ಮ ಮುಖಪುಟ ಒಂದು ಬರುತ್ತದೆ, ಒಳಗಿನ ಒಂದು ಪುಟವೂ ಬರುವುದಿಲ್ಲ. ನೀನು ಆ ದೊಡ್ಡ ಗ್ರಂಥಾಲಯದ ಜಾಲತಾಣ ನೋಡಿಕೊಳ್ಳುವವಳು. ಒಮ್ಮೆ ನಮ್ಮದನ್ನೂ ನೋಡು. ವಿಳಾಸ ಹಿಂದುಗಡೆ ಬರೆದಿದ್ದೇನೆ.

ನಿನಗೆ ಬರೆಯುತ್ತಿರುವುದು ಅಪ್ಪನಿಗೆ ಗೊತ್ತಿಲ್ಲ.

ಇಂತಿ,
ಕಳೆದದ್ದ ಕಾಯುತ್ತ ಕೂತಿರುವ
ನಿನ್ನಣ್ಣ


ಫೆಬ್ರವರಿ ೧೪

ಅಣ್ಣ,

ಪತ್ರ ತಲುಪಿತು. ಗಾಬರಿಯಾದದ್ದು ನಿಜ. ಬಾಗಿಲಲ್ಲೇ ನಿಂತು, ಚಪ್ಪಲಿ ಕೂಡ ಬಿಡದೆ ಓದಿದೆ.

ತಾಣ ನೋಡಿದೆ. ರೋಗ ಏನೆಂದು ಅಲ್ಲೇ ಗೊತ್ತಾಯಿತು. ಹುಡುಕುಯಂತ್ರದ ರೋಬಾಟ್ ಓಡಾಡುವುದು ಕೊಂಡಿಗಳ ಮೇಲೆ. ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಇದ್ದರೆ ಅಲ್ಲಿಗೆ ಹೋಗುತ್ತದೆ, ನೋಡುತ್ತದೆ, ನೆನಪಿಟ್ಟುಕೊಳ್ಳುತ್ತದೆ. ನಿನ್ನ ಭಾಷೆಯಲ್ಲೇ ಹೇಳುವುದಾದರೆ ಕೊಂಡಿ ಅಂದರೆ ಬಸ್ಸಿನ ಮಾರ್ಗ, ಪುಟ ಅಂದರೆ ನಿಲ್ದಾಣ. ನಿಮ್ಮ ಮುಖಪುಟದಲ್ಲಿ ಇರುವುದೇನು? ಒಂದೇ ಒಂದು ಖಾಲಿ ಚೌಕ. "ನೀವು ಕಳೆದುಕೊಂಡಿದ್ದೇನು?" ಕೊಡೆ ಅಂತ ಟೈಪ್ ಮಾಡಿದರೆ ಮಾತ್ರ ಕೊಡೆಯ ಪುಟ ತೆರೆಯುತ್ತದೆ. ಒಳಗಿನ ಯಾವ ಪುಟಕ್ಕೂ ಹೊರಗಿನಿಂದ ಮಾರ್ಗವೇ ಇಲ್ಲ. ರೋಬಾಟ್ ಬಂದು ಚೌಕದ ಮುಂದೆ ನಿಲ್ಲುತ್ತದೆ. ಅದು ಏನನ್ನೂ ಕಳೆದುಕೊಂಡಿಲ್ಲವಲ್ಲ ಅಣ್ಣ, ಏನು ಅಂತ ಕೇಳೀತು? ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಹೋಗುತ್ತದೆ.

ಆ ಚೌಕ ಯಾರ ಬುದ್ಧಿ ಎಂದು ಕೇಳಬೇಕಾಗಿಲ್ಲ. ಅಪ್ಪನ ಮಾತು ಅದು: "ಸಾಮಾನು ತೋರಿಸಬೇಡ, ಅವರ ಬಾಯಲ್ಲೇ ಹೇಳಿಸು." ನಾನು ಬೆಳೆದ ಮನೆಯಲ್ಲೂ ಅದೇ ಚೌಕ ಇತ್ತು.

ಮದ್ದು ಇದೆ. ಸೈಟ್‌ಮ್ಯಾಪ್ ಅನ್ನುತ್ತಾರೆ. ತಾಣದಲ್ಲಿರುವ ಪುಟಗಳ ಪೂರ್ತಿ ವಿಳಾಸಗಳನ್ನು ಒಂದು ಕಡತದಲ್ಲಿ ಬರೆದು ತಾಣದ ಹೊಸ್ತಿಲಲ್ಲೇ ಇಡುವುದು. ಮನುಷ್ಯರು ಓದಲಿ ಎಂದು ಬರೆಯುವುದಲ್ಲ, ರೋಬಾಟ್ ಓದಲಿ ಎಂದು. ಆದ್ದರಿಂದ ಅದಕ್ಕೆ ಅರ್ಥವಾಗುವ ಎಕ್ಸ್‌ಎಂಎಲ್ ಎಂಬ ಕ್ರಮದಲ್ಲಿರಬೇಕು: ಪ್ರತಿ ಮಾಹಿತಿಗೂ ಮುಂದೊಂದು ಗುರುತು, ಹಿಂದೊಂದು ಗುರುತು. "ವಿಳಾಸ ಶುರು", ವಿಳಾಸ, "ವಿಳಾಸ ಮುಗಿಯಿತು". "ಕೊನೆಗೆ ಬದಲಾದ ದಿನ ಶುರು", ತಾರೀಖು, "ಮುಗಿಯಿತು". ಇಂಥ ಒಂದೊಂದು ಜೊತೆಯೂ ಒಂದೊಂದು ಪುಟದ ಕಟ್ಟು. ಎಲ್ಲ ಕಟ್ಟುಗಳೂ ಸೇರಿ ಒಂದು ದೊಡ್ಡ ಕಟ್ಟು. ಮಾದರಿ ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಅಕ್ಷರ ಬಿಡದೆ ನಕಲು ಮಾಡು. ಆಮೇಲೆ ಕಡತ ಎಲ್ಲಿದೆಯೆಂದು ಹುಡುಕುಯಂತ್ರದವರಿಗೆ ತಿಳಿಸಬೇಕು. ಅದರ ಕ್ರಮವೂ ಅದೇ ಹಾಳೆಯಲ್ಲಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಆಮಂತ್ರಣ, ಸಮನ್ಸ್ ಅಲ್ಲ. ಬರುವುದು ಬಿಡುವುದು ರೋಬಾಟಿನ ಇಷ್ಟ.

ಇತಿ,
ತಂಗಿ

ಅಪ್ಪನ ಮಂಡಿ ನೋವು ಹೇಗಿದೆ ಎಂದು ಕೇಳುತ್ತಿಲ್ಲ. ಸುಮ್ಮನೆ ಬರೆದೆ.


ಫೆಬ್ರವರಿ ೨೩

ಗುಬ್ಬಿ, ಗುಬ್ಬಿ, ಗುಬ್ಬಿ!

ನಿನ್ನ ಪತ್ರ ಓದಿ ನೆಲಮಾಳಿಗೆಯಲ್ಲಿ ಒಬ್ಬನೇ ಎದ್ದು ನಿಂತು ಕೂಗಿದೆ. ಮೇಲಿನಿಂದ ಮೆಕ್ಯಾನಿಕ್ ಓಡಿ ಬಂದು, "ಏನಾಯ್ತು, ಹಾವಾ?" ಅಂದ. "ಅಲ್ಲಪ್ಪ, ರೋಬಾಟು" ಅಂದೆ. ನನ್ನನ್ನು ಒಂದು ಥರ ನೋಡಿ, ಮೆಟ್ಟಿಲು ಹತ್ತಿ ಹೋದ.

ಅದು ಏನನ್ನೂ ಕಳೆದುಕೊಂಡಿಲ್ಲ, ಏನು ಅಂತ ಕೇಳೀತು! ಇಷ್ಟು ದಿನ ನಾನು ಅಂಗಡಿ ತೆರೆದು ಬಾಗಿಲು ಹಾಕಿ ಕೂತಿದ್ದೆ ಅನ್ನು. ಬೆಳಗಿನಿಂದ ಕೂತು ಕಡತ ಸಿದ್ಧ ಮಾಡಿದೆ. ಮೊದಲು ಪೆನ್ನಿನಲ್ಲಿ ಹಾಳೆಯ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ. ಟೈಪ್ ಮಾಡುವಾಗ ಎಷ್ಟೋ ಸಾಮಾನು ಮತ್ತೆ ಕಣ್ಣಿಗೆ ಬಿತ್ತು. ಬಲಗೈ ಗ್ಲೌಸಿನ ಪುಟ ನೆನಪಿಗೆ ಬಂತು: "ಬಲಗೈಯದೊಂದೇ ಇಲ್ಲಿದೆ ಗ್ಲೌಸು, ಎಡಗೈಯದಿರುವುದು ಯಾರ ಹೌಸು?" ಅದರ ವಿಳಾಸ ಹಾಕುವಾಗ, ತಬ್ಬಲಿ ಮಗುವನ್ನು ಶಾಲೆಗೆ ಸೇರಿಸಿದ ಹಾಗಾಯಿತು.

ಒಂದು ಕಡೆ ಮಾತ್ರ ಸಿಕ್ಕಿಕೊಂಡೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಇನ್ನೊಂದು ಮಾದರಿಯಲ್ಲಿ "ಪ್ರಾಮುಖ್ಯ" ಅಂತ ಒಂದು ಜಾಗ ಇತ್ತು. ಸೊನ್ನೆಯಿಂದ ಒಂದರವರೆಗೆ ಅಂಕ ಕೊಡಬೇಕು. ಯಾವ ಸಾಮಾನು ಮುಖ್ಯ, ಯಾವುದು ಅಮುಖ್ಯ? ಲ್ಯಾಪ್‌ಟಾಪಿಗೆ ಒಂದು ಕೊಟ್ಟು ಗ್ಲೌಸಿಗೆ ಅರ್ಧ ಕೊಡಲು ಕೈ ಬರಲಿಲ್ಲ. ಎಲ್ಲಕ್ಕೂ ಒಂದು ಕೊಟ್ಟೆ. ಎಲ್ಲರೂ ಫಸ್ಟ್ ಕ್ಲಾಸ್.

ಇನ್ನೊಂದು ಸುಧಾರಣೆ ಮಾಡಿದ್ದೇನೆ, ಕೇಳಿ ಮೆಚ್ಚು. "ಕೊನೆಗೆ ಬದಲಾದ ದಿನ" ಅಂತ ಇದೆಯಲ್ಲ, ಅಲ್ಲಿ ಪ್ರತಿದಿನ ಬೆಳಗ್ಗೆ ಎಲ್ಲ ಪುಟಕ್ಕೂ ಅವತ್ತಿನ ತಾರೀಖು ಹಾಕುತ್ತೇನೆ. ಆಫೀಸಿಗೆ ಬಂದ ತಕ್ಷಣ ತಾರೀಖಿನ ಮೊಹರು ತಿರುಗಿಸಿ ಸರಿಮಾಡುವುದು ನನಗೆ ಉಸಿರಾಟದಷ್ಟೇ ರೂಢಿ. ಸರಕು ತಾಜಾ ಅಂತ ರೋಬಾಟಿಗೂ ಅನ್ನಿಸಲಿ!

ಎಲ್ಲವನ್ನೂ ಹೊಸ್ತಿಲಲ್ಲಿ ಇಟ್ಟು, ಹುಡುಕುಯಂತ್ರದವರಿಗೂ ತಿಳಿಸಿ, ಕೈ ಒರೆಸಿಕೊಂಡು ಕಾಯುತ್ತಿದ್ದೇನೆ.

ನಿನ್ನ ಪತ್ರವನ್ನು ಅಂಗಿಯ ಜೇಬಿನಲ್ಲೇ ಮರೆತಿದ್ದೆ. ಸಂಜೆ ಅದು ಮೇಜಿನ ಮೇಲಿತ್ತು. ಕೊನೆಯ ಸಾಲಷ್ಟೇ ಕಾಣುವಂತೆ ಮಡಚಿಕೊಂಡಿತ್ತು. ಅಪ್ಪ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ, "ಮಂಡಿ ಈಗ ಪರವಾಗಿಲ್ಲ" ಅಂತ ಗೋಡೆಗೆ ಹೇಳಿದರು.

ಇಂತಿ,
ಹೊಸ್ತಿಲಲಿ ಪಟ್ಟಿ ಇಟ್ಟವ,
ನಿದ್ದೆಯ ಕಟ್ಟಿ ಇಟ್ಟವ


ಮಾರ್ಚ್ ೪

ಅಣ್ಣ,

ಮೊದಲು ಬೈಗುಳ. ತಣ್ಣಗಾಗುವ ಮುಂಚೆ ಓದು.

ಒಂದು: ನಿನ್ನ ಕಡತವನ್ನು ರೋಬಾಟ್ ಓದಿಯೇ ಇಲ್ಲ. ಬಲಗೈ ಗ್ಲೌಸಿನ ಕಟ್ಟಿನಲ್ಲಿ "ವಿಳಾಸ ಶುರು" ಇದೆ, "ವಿಳಾಸ ಮುಗಿಯಿತು" ಇಲ್ಲ. ಭಾವುಕನಾಗಿ ಬಾಗಿಲು ಹಾಕುವುದನ್ನು ಮರೆತಿದ್ದೀಯ. ಇದು ಮನುಷ್ಯರ ಓದಲ್ಲ, ಹೊಂದಿಸಿಕೊಂಡು ಮುಂದೆ ಹೋಗುವುದಕ್ಕೆ. ಒಂದು ಗುರುತು ಬಿಟ್ಟರೆ ಇಡೀ ಕಡತವೇ ಅದಕ್ಕೆ ಗೊಂದಲ.

ಎರಡು: ಪ್ರಾಮುಖ್ಯದ ಅಂಕವನ್ನು ದೊಡ್ಡ ಹುಡುಕುಯಂತ್ರಗಳು ಕಣ್ಣೆತ್ತಿಯೂ ನೋಡುವುದಿಲ್ಲ. ಲೋಕದಲ್ಲಿ ಎಲ್ಲರೂ ತಮ್ಮ ಮಕ್ಕಳಿಗೆ ಫಸ್ಟ್ ಕ್ಲಾಸೇ ಕೊಟ್ಟುಕೊಳ್ಳುತ್ತಾರೆ, ಅದಕ್ಕೆ. ತೆಗೆದುಬಿಡು.

ಇನ್ನು ಆ ತಾರೀಖು. ಅಯ್ಯೋ ಅಣ್ಣ! ದಿನಾ ಬೆಳಗ್ಗೆ "ಎಲ್ಲಾ ಇವತ್ತೇ ಬದಲಾಯಿತು" ಎಂದು ಕೂಗಿದರೆ ರೋಬಾಟ್ ಒಂದು ಸಲ ಬಂದು ನೋಡೀತು, ಎರಡು ಸಲ ನೋಡೀತು. ಏನೂ ಬದಲಾಗಿಲ್ಲ ಎಂದು ಗೊತ್ತಾದ ಮೇಲೆ ನಿನ್ನ ಯಾವ ತಾರೀಖನ್ನೂ ನಂಬುವುದಿಲ್ಲ. ಆಮೇಲೆ ನಿಜವಾಗಿ ಬದಲಾದ ದಿನವೂ ತಿರುಗಿ ನೋಡುವುದಿಲ್ಲ. ಪುಟದ ಒಳಗೆ ಏನಾದರೂ ನಿಜಕ್ಕೂ ಬದಲಾದ ದಿನ ಮಾತ್ರ ತಾರೀಖು ಬದಲಿಸು. ಗೊತ್ತಿಲ್ಲದಿದ್ದರೆ ಬಿಟ್ಟುಬಿಡು, ಸುಳ್ಳು ಹಾಕಬೇಡ.

ಇನ್ನೂ ಇದೆ. ಹಿಂದೆ ಎಲ್ಲೋ ಒಬ್ಬಿಬ್ಬರು ಮಾಲೀಕರು ಒಯ್ದ ಸಾಮಾನಿನ ವಿಳಾಸವನ್ನೂ ಹೆಮ್ಮೆಗೆ ಪಟ್ಟಿಯಲ್ಲಿ ಇಟ್ಟಿದ್ದೀಯ. ಪುಟ ಅಳಿಸಿದ್ದೀಯ, ವಿಳಾಸ ಉಳಿಸಿದ್ದೀಯ. ಮನೆ ಖಾಲಿ ಮಾಡಿದವರ ವಿಳಾಸ ಕೊಟ್ಟು ಅದನ್ನು ಯಾಕೆ ಅಲೆಸುತ್ತೀಯ?

ಕೊನೆಯದು ನಿನಗೆ ನೋವಾಗುತ್ತದೆ. ಕೊಡೆಯ ಪುಟದಲ್ಲಿ ಕೊಡೆ ಅನ್ನುವ ಪದವೇ ಇಲ್ಲ. "ತಲೆ ಬಾತುಕೋಳಿ, ಮೈ ಮಳೆಗಾಲದ ಆಳು, ಹೇಳು ನಾನು ಯಾರ ಪಾಲು?" ಒಗಟು ಚೆನ್ನಾಗಿದೆ. ಆದರೆ ಕೊಡೆ ಕಳೆದುಕೊಂಡು ನೆನೆದು ಕೂತವರು ಒಗಟು ಹುಡುಕುವುದಿಲ್ಲ. ಮೇಲೆ ನೆಟ್ಟಗೆ "ಕಪ್ಪು ಕೊಡೆ, ಬಾತುಕೋಳಿ ತಲೆಯ ಹಿಡಿ, ಸಿಕ್ಕಿದ್ದು ಇಂಥ ದಿನ, ಇಂಥ ಮಾರ್ಗದ ಬಸ್ಸಿನಲ್ಲಿ" ಎಂದು ಬರೆ. ಕೆಳಗೆ ಪ್ರಾಸ ಹಾಕಿಕೋ, ನಿನ್ನನ್ನು ಹಿಡಿಯುವವರು ಯಾರು.

ತಿದ್ದಿ ತಿಳಿಸು. ನಾನೂ ಇಲ್ಲಿಂದ ದಿನಾ ನೋಡುತ್ತಿರುತ್ತೇನೆ. ಆಫೀಸಿನಲ್ಲಿ ಪಕ್ಕದವಳು, "ಯಾರ ಸೈಟ್ ಅದು, ಇಷ್ಟು ಸಲ ನೋಡ್ತೀಯಲ್ಲ?" ಅಂದಳು. "ನಮ್ಮ ಮನೇದು" ಅಂದೆ. ಬಾಯಿ ತಪ್ಪಿ ಬಂತು.

ಇತಿ,
ಗುಬ್ಬಿ


ಮಾರ್ಚ್ ೨೬

ಗುಬ್ಬೀ!

ಬಂತು, ಬಂತು, ಬಂತು! ರೋಬಾಟು ಬಂತು, ಬಂದು ನಿಂತು, ಪಟ್ಟಿ ಪೂರ್ತಿ ಓದಿತು! ನೀನು ಹೇಳಿದ್ದನ್ನೆಲ್ಲ ತಿದ್ದಿ, ಗ್ಲೌಸಿನ ಬಾಗಿಲು ಹಾಕಿ ಮತ್ತೆ ಕೊಟ್ಟೆ. "ಕಡತ ಸರಿಯಾಗಿ ಓದಲಾಗಿದೆ" ಅಂತ ಹಸಿರು ಅಕ್ಷರದಲ್ಲಿ ಬಂತು. ನನ್ನ ಡಿಗ್ರಿ ಫಲಿತಾಂಶದ ದಿನ ಕೂಡ ಇಷ್ಟು ಖುಷಿಪಟ್ಟಿರಲಿಲ್ಲ. ಅವತ್ತು ಖುಷಿಪಡುವಂಥದ್ದೇನೂ ಇರಲಿಲ್ಲ ಅನ್ನು.

ನಿನ್ನೆ ಬೆಳಗ್ಗೆ ಒಬ್ಬ ಹೆಂಗಸು ಮೆಟ್ಟಿಲಿಳಿದು ಬಂದರು. ಬಸ್ಸು ಕೇಳಲು ಬಂದವರು ದಾರಿ ತಪ್ಪಿರಬೇಕು ಅಂದುಕೊಂಡೆ. ಕೈಯಲ್ಲಿದ್ದ ಫೋನ್ ನನ್ನ ಮುಖಕ್ಕೆ ಹಿಡಿದು, "ಈ ಬಾತುಕೋಳಿ ನಂದು" ಅಂದರು. ಹುಡುಕುಯಂತ್ರದಲ್ಲಿ "ಬಾತುಕೋಳಿ ತಲೆಯ ಕೊಡೆ" ಅಂತ ಹುಡುಕಿದರಂತೆ. ಹೊಸದು ಕೊಳ್ಳಲು! ಅಂಗಡಿಯದು ಬರುವ ಮುಂಚೆ ಅವರದೇ ಹಳೆಯದು ಬಂತು. ಕೊಡೆಯನ್ನು ಅಲ್ಲೇ ಬಿಚ್ಚಿ, ನೆಲಮಾಳಿಗೆಯಲ್ಲೇ ಹಿಡಿದುಕೊಂಡು ನಿಂತರು. ಹೋಗುವಾಗ, "ಆ ಒಗಟು ಬರೆದೋರು ನೀವೇನಾ?" ಅಂತ ಕೇಳಿದರು. ನೋಡಿದೆಯಾ? ಓದುತ್ತಾರೆ! ನಿನಗೆ ಗೊತ್ತಾಗಲಿ ಅಂತ ಬರೆದೆ.

ಅವರ ಹಿಂದೆಯೇ ಹಲ್ಲಿನ ಸೆಟ್ಟಿನವರೂ ಬಂದರು. ಬಾಯಿ ಮುಚ್ಚಿಕೊಂಡೇ ಮಾತಾಡಿದರು. ತೊಳೆದು ಹಾಕಿಕೊಂಡ ಮೇಲೆ ನಕ್ಕರು.

ಹೊಸ ಹುರುಪಿನಲ್ಲಿ ಎಲ್ಲ ಪುಟಗಳನ್ನೂ ತುಂಬಿಸುತ್ತಿದ್ದೇನೆ. ಫೋಟೋ, ಬಣ್ಣ, ಗೀರು, ಕಲೆ, ಒಳಗಿರುವ ಚೀಟಿ ಚಪ್ಪರ, ಏನೂ ಬಿಡುತ್ತಿಲ್ಲ. ಎಲ್ಲ ಹೇಳಿಬಿಡುವುದು! ಅಪ್ಪನಿಗೆ ಮಾತ್ರ ಇನ್ನೂ ಹೇಳಿಲ್ಲ. ಪುಟಗಳು ಹೀಗೆ ಲೋಕಕ್ಕೆಲ್ಲ ಬಾಗಿಲು ತೆರೆದಿವೆ ಎಂದು ಗೊತ್ತಾದರೆ ಏನನ್ನುತ್ತಾರೋ.

ಇಂತಿ,
ಬಾತುಕೋಳಿಯ ಮನೆ ಸೇರಿಸಿದವ,
ಎದೆಯನು ಗಜದಷ್ಟು ಏರಿಸಿದವ


ಏಪ್ರಿಲ್ ೨

ಅಣ್ಣ,

ಕುಣಿದೆ. ನಿಜವಾಗಿ ಕುಣಿದೆ, ಅಡುಗೆಮನೆಯಲ್ಲಿ, ಕೈಯಲ್ಲಿ ಸೌಟು ಹಿಡಿದು.

ಆದರೆ "ಎಲ್ಲ ಹೇಳಿಬಿಡುವುದು" ಅನ್ನುವ ಮಾತು ಓದಿ ಸ್ವಲ್ಪ ಕಸಿವಿಸಿಯಾಯಿತು. ಯಾಕೆ ಎಂದು ಹೇಳಲು ಬರುತ್ತಿಲ್ಲ. ನಾನು ಅಪ್ಪನ ಪಕ್ಷ ವಹಿಸುವ ದಿನ ಬಂದೀತು ಎಂದು ಅಂದುಕೊಂಡಿರಲಿಲ್ಲ. ಹುಷಾರು.

ಇತಿ,
ಗುಬ್ಬಿ


ಏಪ್ರಿಲ್ ೨೦

ಗುಬ್ಬಿ,

ನಿನ್ನ ಕಸಿವಿಸಿ ಸರಿಯಾಗಿತ್ತು. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಸೋಮವಾರ ಒಬ್ಬ ಬಂದ. ಇಸ್ತ್ರಿ ಅಂಗಿ, ಬಾಚಿದ ತಲೆ. ಟ್ರಂಪೆಟ್ ತನ್ನದು ಅಂದ. ಕಪ್ಪು ಪೆಟ್ಟಿಗೆ, ಮುಚ್ಚಳದಲ್ಲಿ ಗೀರು, ಒಳಗೆ ಒಂದು ಬೂದು ಕಾಲುಚೀಲ, ಎಲ್ಲ ಸರಿಯಾಗಿ ಒಪ್ಪಿಸಿದ. ಕೊನೆಗೆ ಉತ್ಸಾಹ ಹೆಚ್ಚಾಗಿ, "ಊದಿದರೆ ಊರೆಲ್ಲ ಎದ್ದೀತು, ಊದದೆ ಮೂಲೆಯಲಿ ಬಿದ್ದೀತು" ಅಂದ. ನನ್ನದೇ ಸಾಲು! ನನ್ನ ಸಾಲನ್ನು ಒಬ್ಬರು ಬಾಯಿಪಾಠ ಮಾಡಿದ್ದು ಅದೇ ಮೊದಲು. ಕರಗಿಹೋದೆ. ಪೆಟ್ಟಿಗೆ ತೆಗೆಯಲು ಎದ್ದೆ.

ಅಪ್ಪ ನನ್ನ ಊಟದ ಡಬ್ಬಿ ಕೊಡಲು ಬಂದವರು ಬಾಗಿಲಲ್ಲೇ ನಿಂತಿದ್ದರು. ಕೆಮ್ಮಿದರು.

"ಒಂದು ನಿಮಿಷ ಸ್ವಾಮಿ. ಆ ಕಾಲುಚೀಲ ಯಾಕೆ ಇಟ್ಟಿದ್ರಿ?"

"ಯಾಕೆ ಅಂದ್ರೆ? ಕಾಲಿಗೆ ಹಾಕ್ಕೊಳ್ಳೋಕೆ."

"ಒಂದೇ ಕಾಲಿಗಾ?"

"ಇನ್ನೊಂದು... ಒಗೆಯೋಕೆ ಹಾಕಿದ್ದೆ."

"ಹಾಗಾದ್ರೆ ಸ್ವಲ್ಪ ಊದಿ ತೋರಿಸಿಬಿಡಿ, ಕೇಳಿ ಬಹಳ ದಿನ ಆಯ್ತು."

"ಗಂಟಲು ಕಟ್ಟಿದೆ ಯಜಮಾನ್ರೇ."

"ಟ್ರಂಪೆಟ್ ಊದೋದು ತುಟಿಯಿಂದ. ಆ ಕಾಲುಚೀಲ ಇರೋದು ಅದರ ಬಾಯಿಗೆ ತುರುಕೋದಕ್ಕೆ, ಮನೇಲಿ ಊದುವಾಗ ಪಕ್ಕದ ಮನೆಯವರು ಬಯ್ಯದ ಹಾಗೆ. ಊದೋನಿಗೆ ಇದು ಗೊತ್ತಿರುತ್ತೆ."

ಆ ಮನುಷ್ಯ ಮೆಟ್ಟಿಲು ಹತ್ತಿದ ವೇಗಕ್ಕೆ ನಮ್ಮ ಯಾವ ಬಸ್ಸೂ ಸಮ ಇಲ್ಲ.

ಅಪ್ಪ ಕುರ್ಚಿ ಎಳೆದು ಕಂಪ್ಯೂಟರ್ ಮುಂದೆ ಕೂತರು. ಕನ್ನಡಕ ಏರಿಸಿ ಒಂದೊಂದೇ ಪುಟ ಓದಿದರು. ಅಷ್ಟು ಹೊತ್ತಾದ ಮೇಲೆ ಕೇಳಿದ್ದು ಒಂದೇ.

"ಇದನ್ನೆಲ್ಲ ಯಾರು ಹೇಳಿಕೊಟ್ಟಿದ್ದು?"

"ಗುಬ್ಬಿ."

ಅಪ್ಪ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. ಆಮೇಲೆ, "ಎಷ್ಟು ಜನ ಬಂದು ತಗೊಂಡು ಹೋದ್ರು?" ಅಂದರು. ಹೇಳಿದೆ. ಬಾತುಕೋಳಿ, ಹಲ್ಲು, ಆಮೇಲೆ ಬಂದವರು, ಎಲ್ಲರ ಕಥೆಯನ್ನೂ ಹೇಳಿದೆ. ಡಬ್ಬಿಯ ಊಟ ಆರುವವರೆಗೂ ಕೇಳಿದರು.

ಮುಚ್ಚಿಸುತ್ತಾರೆ ಅಂದುಕೊಂಡೆ. ಮರುದಿನ ನನಗಿಂತ ಮುಂಚೆ ಚಪ್ಪಲಿ ಹಾಕಿಕೊಂಡು ನಿಂತಿದ್ದರು. "ನಡಿ. ಎಲ್ಲಾ ಹೇಳು, ಒಂದೊಂದರಲ್ಲಿ ಒಂದೊಂದು ಗುರುತು ಮಾತ್ರ ನಮ್ಮ ಹತ್ರ ಇರಲಿ. ಅದನ್ನ ಅವರ ಬಾಯಲ್ಲಿ ಕೇಳೋಣ." ಈಗ ಕಪಾಟಿನಿಂದ ಕಪಾಟಿಗೆ ಹೋಗಿ, ಒಂದೊಂದು ಸಾಮಾನನ್ನೂ ಕೈಗೆತ್ತಿಕೊಂಡು, ಯಾವುದನ್ನು ಮುಚ್ಚಿಡಬೇಕು ಎಂದು ಆರಿಸುತ್ತಿದ್ದಾರೆ. ನಾನು ಪುಟ ತಿದ್ದುತ್ತಿದ್ದೇನೆ. ತಿದ್ದಿದ ಪುಟಕ್ಕೆ ಮಾತ್ರ ಅವತ್ತಿನ ತಾರೀಖು, ಆಣೆಗೂ ಸುಳ್ಳಿಲ್ಲ.

ನಿನ್ನೆ ಅವರೇ ಕೇಳಿದರು: "ಆ ಪಟ್ಟೀಲಿ ಮರದ ಪೆಟ್ಟಿಗೆ ಇದೆ ತಾನೇ?"

ಇಂತಿ,
ಹೊಗಳಿಕೆಗೆ ಕರಗಿ, ತಂದೆಯಿಂದ ಬದುಕಿದವ


ಏಪ್ರಿಲ್ ೨೯

ಅಣ್ಣ,

ಟ್ರಂಪೆಟ್ ಭಾಗವನ್ನು ನಾಲ್ಕು ಸಲ ಓದಿದೆ. ಅಪ್ಪನ ದನಿ ಹಾಗೇ ಕಿವಿಯಲ್ಲಿ ಕೇಳಿತು. ನಕ್ಕೆ, ಆಮೇಲೆ ನಗು ಎಲ್ಲಿಗೋ ಹೋಯಿತು.

ಒಂದೊಂದು ಗುರುತು ಮುಚ್ಚಿಟ್ಟು ಮಿಕ್ಕಿದ್ದನ್ನು ಹೇಳುವುದು. ಇಷ್ಟು ಒಳ್ಳೆಯ ಉಪಾಯ ನನಗೆ ಹೊಳೆದಿರಲಿಲ್ಲ ಎಂದು ಅವರಿಗೆ ಹೇಳು. ಬೇಡ, ಹೇಳಬೇಡ. ಹೇಳು.

ತಾರೀಖುಗಳು ಈಗ ಚೆನ್ನಾಗಿವೆ. ನೀವು ತಿದ್ದಿದ ಪುಟಗಳನ್ನು ರೋಬಾಟ್ ಮತ್ತೆ ಬಂದು ನೋಡಿ ಹೋಗುತ್ತಿದೆ. ನಿನ್ನ ಮಾತಿಗೆ ಬೆಲೆ ಬಂದಿದೆ ಅಂತ ಅರ್ಥ. ಯಾರೂ ಹುಡುಕದ ಪುಟಗಳೂ ಇರುತ್ತವೆ, ಬೇಸರ ಮಾಡಿಕೊಳ್ಳಬೇಡ. ಪಟ್ಟಿಗೆ ಹಾಕುವುದಷ್ಟೇ ನಮ್ಮ ಕೈಯಲ್ಲಿರುವುದು.

ಆ ಮರದ ಪೆಟ್ಟಿಗೆಯಲ್ಲಿ ಏನಿದೆ?

ಇತಿ,
ಗುಬ್ಬಿ


ಮೇ ೨೫

ಗುಬ್ಬಿ,

ಪೆಟ್ಟಿಗೆಯಲ್ಲಿ ಏನಿತ್ತು ಅಂತ ಕೇಳಿದೆಯಲ್ಲ, ಈಗ ಹೇಳಬಹುದು. ಅದು ಈಗ ಇಲ್ಲಿಲ್ಲ.

ಪಿಯಾನೊ ಶ್ರುತಿ ಮಾಡುವ ಸಾಮಾನು. ತಂತಿ ಬಿಗಿ ಮಾಡುವ ಉದ್ದ ಹಿಡಿಯ ಕೀಲಿ, ಉಣ್ಣೆ ಸುತ್ತಿದ ಬೆಣೆಗಳು, ಬಡಿದರೆ ಒಂದೇ ಸ್ವರ ಹೊರಡಿಸುವ ಎರಡು ಕವಲಿನ ಉಕ್ಕಿನ ಶ್ರುತಿಕವಲು. ಎಲ್ಲ ಯಾರದೋ ಕೈಯಲ್ಲಿ ಸವೆದು ನುಣುಪಾದವು. ಪೆಟ್ಟಿಗೆ ಬಂದ ದಿನದಿಂದ ಅಪ್ಪನಿಗೆ ಅದರ ಮೇಲೆ ಒಂದು ಕಣ್ಣು. "ಇದು ಇಲ್ದೆ ಆ ಮನುಷ್ಯ ಹೇಗೆ ದುಡೀತಿದ್ದಾನೋ" ಅನ್ನುತ್ತಿದ್ದರು.

ಆ ಮನುಷ್ಯ ಹೆಂಗಸು. ಮೊನ್ನೆ ಬಂದಳು, ಎಲ್ಲಿಂದ ಅಂತೀಯ? ಗಡಿಯಾಚೆಯಿಂದ, ಎರಡು ರೈಲು ಬದಲಿಸಿಕೊಂಡು. ಪೆಟ್ಟಿಗೆ ಕಳೆದ ದಿನ ಮೂರು ಕಂಪನಿಯ ಬಸ್ಸು ಹತ್ತಿ ಇಳಿದಿದ್ದಳಂತೆ. ಯಾವ ಬಸ್ಸಿನಲ್ಲಿ ಬಿಟ್ಟಳೋ, ಯಾವ ಊರಿನಲ್ಲಿ ಬಿಟ್ಟಳೋ ಗೊತ್ತಿಲ್ಲ. ಆಮೇಲೆ ಎರವಲು ಸಾಮಾನಿನಲ್ಲಿ ಕೆಲಸ ಮಾಡುತ್ತಿದ್ದಳು. ಕೀಲಿ ಕೈಗೆ ಕೂರುವುದಿಲ್ಲ, ದೊಡ್ಡ ಸಭಾಂಗಣದವರು ಕರೆಯುವುದು ಬಿಟ್ಟರು. ವಾರಕ್ಕೊಮ್ಮೆ ಹುಡುಕುಯಂತ್ರದಲ್ಲಿ ಅದೇ ಪದ ಹಾಕಿ ಹುಡುಕುವುದು ಅಭ್ಯಾಸವಾಗಿತ್ತಂತೆ. ಹೋದ ವಾರ ನಮ್ಮ ಪುಟ ಬಂತು.

ಅಪ್ಪ ಎಂದಿನಂತೆ ಶುರು ಮಾಡಿದರು. "ಮೊದಲೇ ನಮ್ಮನ್ನ ಕೇಳಬಹುದಿತ್ತಲ್ಲಮ್ಮ? ಕೇಳಿದ್ರೆ ಅವತ್ತೇ ಕೊಡ್ತಿದ್ದೆ."

ಅವಳು ಅಪ್ಪನನ್ನು ನೋಡಿ, "ಯಾರನ್ನ ಕೇಳಬೇಕು ಅಂತಾನೇ ಗೊತ್ತಿರಲಿಲ್ಲ ಸಾರ್. ನಿಮ್ಮ ಹತ್ರ ಇದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?" ಅಂದಳು.

ಕೋಪದಲ್ಲಿ ಹೇಳಿದ್ದಲ್ಲ, ಸುಮ್ಮನೆ ಹೇಳಿದಳು. ಆ ಮಾತಿಗೆ ಅಪ್ಪ ಗುರುತು ಕೇಳುವುದನ್ನೇ ಮರೆತರು. ನಾನೇ ಕೇಳಿದೆ. "ಮುಚ್ಚಳ ತೆಗೆಯುವಾಗ ಬಲಗಡೆ ಒತ್ತಿ ಹಿಡೀಬೇಕು, ಇಲ್ದಿದ್ರೆ ಬೆರಳಿಗೆ ಬಡಿಯುತ್ತೆ" ಅಂದಳು. ಅಪ್ಪ ತಮ್ಮ ಹೆಬ್ಬೆರಳಿನ ಕಪ್ಪಾದ ಉಗುರು ತೋರಿಸಿದರು. ಇಬ್ಬರೂ ನಕ್ಕರು. ಅವಳು ಶ್ರುತಿಕವಲನ್ನು ಮಂಡಿಗೆ ಬಡಿದು ನನ್ನ ಕಬ್ಬಿಣದ ಮೇಜಿನ ಮೇಲೆ ಊರಿದಳು. ಇಡೀ ಮೇಜು ಹಾಡಿತು ಗುಬ್ಬಿ! ಇಷ್ಟು ವರ್ಷ ಅದರ ಮೇಲೆ ಊಟ ಮಾಡಿದ್ದೇನೆ, ಅದಕ್ಕೆ ದನಿ ಇದೆ ಅಂತ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಮ್ಯಾನೇಜರ್ ಇಳಿದು ಬಂದರು, ಟೇಪು ಹಿಡಿದು, ಟೈರಿಗೆ ಜಾಗ ಅಳೆಯಲು. ಮೆಟ್ಟಿಲ ಮೇಲೆ ಜನ ಸಾಲಾಗಿ ನಿಂತಿದ್ದರು. ಅವರಿಗೆ ಇಳಿಯಲು ದಾರಿ ಸಿಗಲಿಲ್ಲ. ಒಬ್ಬರು, "ಸಾಲಲ್ಲಿ ಬನ್ರೀ, ನಮಗೂ ಕೆಲಸ ಇದೆ" ಅಂದುಬಿಟ್ಟರು! ಮ್ಯಾನೇಜರ್ ಟೇಪನ್ನು ಜೇಬಿಗೆ ಹಾಕಿಕೊಂಡು ಸಾಲಿನಲ್ಲಿ ನಿಂತರು. ಸರದಿ ಬಂದಾಗ ನನ್ನ ಮುಂದೆ ಬಂದು, "ತೀರ್ಮಾನ ಜೂನ್‌ನಲ್ಲೇ ಹೇಳ್ತೀನಿ. ಸಂಜೆ ಆ ಪಟ್ಟಿ ಅಂದ್ರೇನು ಅಂತ ಬಂದು ವಿವರಿಸಿ" ಅಂದರು. ವಿವರಿಸಿದೆ. ಅರ್ಥವಾಯಿತೋ ಇಲ್ಲವೋ, ಬರೆದುಕೊಂಡರು.

ಆವತ್ತಿನಿಂದ ಅಪ್ಪ ಏನೋ ಲೆಕ್ಕ ಹಾಕುತ್ತಿರುವ ಹಾಗಿದೆ. ನಿನ್ನೆ ಅಂಚೆಚೀಟಿ ಎಲ್ಲಿಟ್ಟಿದ್ದೀಯ ಅಂತ ಕೇಳಿದರು. ಯಾರಿಗೆ ಅಂತ ನಾನು ಕೇಳಲಿಲ್ಲ.

ಇಂತಿ,
ಮೇಜಿನ ದನಿಯ ಕೇಳಿದವ,
ಸಾಲನು ಕಂಡು ಬಾಳಿದವ


ಜೂನ್ ೨೮

ಮಗಳೇ,

ನಿನ್ನಣ್ಣನಿಗೆ ಪುರುಸೊತ್ತಿಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ ಎಂದು ಶುರು ಮಾಡಿದೆ. ಅದು ನೆಪ. ಅವನಿಗೆ ಪುರುಸೊತ್ತು ಇದ್ದರೂ ಈ ಸಲ ನಾನೇ ಬರೆಯಬೇಕು.

ಕೋಣೆ ಉಳಿಯಿತು. ಇವತ್ತು ಮ್ಯಾನೇಜರ್ ಆದೇಶ ಬಂತು. ಟೈರುಗಳಿಗೆ ಡಿಪೋ ಹಿಂದೆ ಶೆಡ್ಡು ಹಾಕುತ್ತಾರಂತೆ. ನಿನ್ನಣ್ಣ ಆದೇಶವನ್ನು ಪ್ರಾಸ ಹಾಕಿ ಓದಿದ, ಮೆಕ್ಯಾನಿಕ್ ಚಪ್ಪಾಳೆ ಹೊಡೆದ. ಉಳಿದ ಡಿಪೋಗಳ ಕಳೆದ ಸಾಮಾನಿನ ಕೋಣೆಗಳೂ ಇದೇ ತಾಣಕ್ಕೆ ಸೇರುತ್ತವೆ. ಒಂದೊಂದು ಕೋಣೆಗೂ ಒಂದೊಂದು ಪಟ್ಟಿ, ಎಲ್ಲ ಪಟ್ಟಿಗಳಿಗೂ ಮೇಲೊಂದು ಪಟ್ಟಿ ಬೇಕಂತೆ. ಅದನ್ನು ಕಲಿಸಿಕೊಡಲು ತಿಳಿದವರನ್ನು ಕರೆಸಿ ಎಂದು ಮ್ಯಾನೇಜರ್ ಹೇಳಿದರು. ನಿನ್ನ ಹೆಸರು ನಾನು ಕೊಟ್ಟೆ. ಕಂಪನಿಯ ಪತ್ರ ಬೇರೆ ಬರುತ್ತದೆ. ಇದು ಅದಲ್ಲ.

ಇನ್ನು ಮುಂದಿನದು ನೀನು ಕೇಳಿಲ್ಲ.

ಅಡುಗೆಮನೆ ಗೋಡೆಗೆ ಹಳದಿ ಬಣ್ಣ ಹೊಡೆಸಿದ್ದೇವೆ, ನಿನ್ನ ಅತ್ತಿಗೆಯ ಆಯ್ಕೆ. ನನ್ನ ಎಡಗಿವಿ ಮಂದವಾಗಿದೆ, ಬಲಗಡೆಯಿಂದ ಮಾತಾಡಿದರೆ ಕೇಳಿಸುತ್ತದೆ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಯಾರೂ ಮಲಗುವುದಿಲ್ಲ. ನೀನು ಹೊರಟ ದಿನ ಯಾಕೆ ಹೋಗುತ್ತೀಯ ಎಂದು ನೀನೇ ಹೇಳಲಿ ಅಂತ ಕಾದೆ, ನಾನಾಗಿ ಹೋಗಬೇಡ ಅನ್ನಲಿಲ್ಲ. ಇದನ್ನು ಬರೆಯಲು ಮೂರು ಹಾಳೆ ಹರಿದೆ. ನಾನೂ ಸ್ವಲ್ಪ ಬದಲಾಗಿದ್ದೇನೆ ಅನ್ನಿಸುತ್ತದೆ. ಯಾವತ್ತಿನಿಂದ ಎಂದು ತಾರೀಖು ಹಾಕಲಾರೆ, ಬಂದು ನೋಡಿದರೆ ನಿನಗೆ ಗೊತ್ತಾದೀತು.

ಸಂಜೆಯ ಬಸ್ಸು ಈಗ ನಮ್ಮ ಬೀದಿಯ ತಿರುವಿನಲ್ಲೇ ನಿಲ್ಲುತ್ತದೆ, ಮೊದಲಿನ ಹಾಗೆ ಮಾರುಕಟ್ಟೆಯಿಂದ ನಡೆಯಬೇಕಾಗಿಲ್ಲ. ಯಾವ ದಿನ ಎಂದು ತಿಳಿಸಿದರೆ ನಾನು ಅಲ್ಲಿ ನಿಂತಿರುತ್ತೇನೆ. ತಿಳಿಸದೆ ಬಂದರೂ ಆಗುತ್ತದೆ. ಸಂಜೆ ಹೊತ್ತು ನಾನು ಹೇಗೂ ಅತ್ತ ಕಡೆ ತಿರುಗಾಡಲು ಹೋಗುತ್ತೇನೆ.

ಇಳಿಯುವ ಮುಂಚೆ ಸೀಟಿನ ಕೆಳಗೊಮ್ಮೆ ನೋಡಿಕೋ.

ನಿನ್ನ
ಅಪ್ಪ